ಉಪ್ಪು ಕೇಳಲು ಬಾರದ ದಿನಗಳು

(ಸ್ವಸಹಾಯ ಸಂಘಗಳ ವಾರ್ಷಿಕ ಸಭೆಯಲ್ಲಿ ಆಡಿದ ಮಾತು)



"ಸಿಸ್ಟರ್, ಆಫ್ರಿಕಾದಲ್ಲಿ ಊಟಕ್ಕೆ ಏನ್ ಮಾಡಿದ್ರಿ?" ಅಂತ ಕಳೆದ ಸಲ ನಿಮ್ಮಲ್ಲೊಬ್ಬರು ಕೇಳಿದ್ದಿರಿ. ಇವತ್ತು ಹೇಳುತ್ತೇವೆ.

2012ರಲ್ಲಿ ನಾವು ಇಬ್ಬರು ಸಿಸ್ಟರ್‌ಗಳು ಸ್ವಯಂಸೇವಕರ ತರಬೇತಿಗೆಂದು ಟಾಂಜಾನಿಯಾ ದೇಶದ ಮ್ವಾಂಝಾಕ್ಕೆ ಹೋದೆವು. ಅದು ವಿಕ್ಟೋರಿಯಾ ಸರೋವರದ ದಂಡೆಯ ಊರು. ಹಗಲು ಸ್ವಾಹಿಲಿ ಭಾಷೆಯ ಪಾಠ, ರಾತ್ರಿ ಒಂದು ಮನೆಯಲ್ಲಿ ವಾಸ. ಆ ಮನೆಯಾಕೆಯನ್ನು ಎಲ್ಲರೂ ಮಾಮಾ ಅನ್ನುತ್ತಿದ್ದರು; ಅಲ್ಲಿ ಮಾಮಾ ಅಂದರೆ ತಾಯಿ.

ಮೊದಲ ರಾತ್ರಿ ತಟ್ಟೆಗೆ ಬಂದದ್ದು ಉಗಾಲಿ. ಮೆಕ್ಕೆಜೋಳದ ಹಿಟ್ಟಿನದು, ಥೇಟ್ ನಮ್ಮ ಮುದ್ದೆ, ಆದರೆ ಬಿಳಿ. ಅಭ್ಯಾಸಬಲದಿಂದ ನುಂಗಿದೆವು, ಗಂಟಲಿಗೆ ಸಿಕ್ಕಿಕೊಂಡಿತು! ಅದನ್ನು ಚೂರು ಮುರಿದು, ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಗುಳಿ ಮಾಡಿ, ಸೊಪ್ಪಿನ ಪಲ್ಯ ತುಂಬಿಕೊಂಡು ಜಗಿದು ತಿನ್ನಬೇಕು. ಜೊತೆಗೆ ಸರೋವರದ ಸಣ್ಣ ಒಣಮೀನು. ಅದರ ಹೆಸರು ದಗಾ. ನಮ್ಮಲ್ಲಿ ದಗಾ ಅಂದ್ರೆ ಮೋಸ ತಾನೇ? ಉಪ್ಪು ಕೇಳೋಣವೆಂದರೆ ಮಾತು ಬಾರದು. ಒಂದು ವಾರ ಬಾಳೆಹಣ್ಣು, ಚಹಾದಲ್ಲೇ ಕಳೆದೆವು.

ಒಂದು ಸಂಜೆ ಮಾಮಾ ನಮ್ಮಿಬ್ಬರಿಗೆ ಮಾತ್ರ ಅನ್ನ ಬಡಿಸಿದರು. ಆ ಮನೆಯಲ್ಲಿ ಅನ್ನ ಹಬ್ಬದ ಊಟ. ಎದುರಿಗೆ ಮಕ್ಕಳು ಉಗಾಲಿ ತಿನ್ನುತ್ತಾ ನಮ್ಮ ತಟ್ಟೆಯನ್ನೇ ನೋಡುತ್ತಿದ್ದವು. ಆ ಅನ್ನ ನಮಗೆ ಇಳಿಯಲಿಲ್ಲ.

ಮರುದಿನ ಅಡಿಗೆಮನೆಗೇ ಹೋದೆವು. ಉಗಾಲಿ ತಿರುವುವ ಮರದ ಸೌಟಿಗೆ ಮ್ವಿಕೊ ಅನ್ನುತ್ತಾರೆ; ನಮ್ಮ ಮುದ್ದೆಕೋಲಿನ ತಂಗಿ ಅನ್ನಿ. ಹಿಡಿದು ತಿರುವಿದ್ದೇ ತಡ, ಮಾಮಾಗೆ ನಗುವೋ ನಗು. ಮ್ಚಿಚಾ ಅನ್ನುವ ಸೊಪ್ಪು ನಮ್ಮ ದಂಟಿನ ಜಾತಿಯದೇ. ಉಪ್ಪಿಗೆ ಚುಂವಿ ಅನ್ನಬೇಕೆಂದೂ ಅವತ್ತೇ ಕಲಿತದ್ದು. ಸಾಬೂನಿಗೆ ಮಾತ್ರ ಕಷ್ಟಪಡಲಿಲ್ಲ, ಅಲ್ಲೂ ಅದು ಸಬುನಿ!

ಮಾಮಾ ತಮ್ಮ ಸಂಘದ ಸಭೆಗೂ ಕರೆದೊಯ್ದರು. ಹಣವೆಲ್ಲ ಮೂರು ಬೀಗದ ಪೆಟ್ಟಿಗೆಯಲ್ಲಿ. ಕೀಲಿಗಳು ಮೂವರ ಹತ್ತಿರ, ಸಭೆಯಲ್ಲಿ ಎಲ್ಲರೆದುರೇ ತೆರೆಯಬೇಕು. ವರ್ಷದ ಕೊನೆಗೆ ಉಳಿತಾಯ, ಬಡ್ಡಿ ಎಲ್ಲವನ್ನೂ ಪಾಲಿನ ಪ್ರಕಾರ ಹಂಚಿಕೊಂಡು ಹೊಸದಾಗಿ ಶುರುಮಾಡುತ್ತಾರೆ. 1991ರಲ್ಲಿ ನೈಜರ್ ದೇಶದ ಹಳ್ಳಿ ಹೆಂಗಸರಲ್ಲಿ ಹುಟ್ಟಿದ ಪದ್ಧತಿಯಂತೆ ಇದು. ಸಂಘಗಳಿಗೆ ಎಷ್ಟೋ ತರಬೇತಿ ಕೊಟ್ಟ ನಾವು ಅಲ್ಲಿ ಮೂಕರಾಗಿ ಕುಳಿತಿದ್ದೆವು. ಮಾಮಾ ಬೆರಳು ಎಣಿಸಿ ಎರಡೆರಡು ಸಲ ವಿವರಿಸಿದರು, ಬೇಸರಪಡಲಿಲ್ಲ.

ಆಗ ನಿಮ್ಮ ನೆನಪಾಯಿತು. ಲೆಕ್ಕಪುಸ್ತಕದ ತರಬೇತಿಯಲ್ಲಿ ಬಾಯಿಬಿಡದೆ ಕೂತವರನ್ನು "ಇಷ್ಟೂ ಗೊತ್ತಾಗಲ್ವಾ?" ಅಂತ ನಾವು ಗದರಿದ್ದುಂಟು. ಅದು ತಪ್ಪಾಯ್ತು ಅಂತ ಈ ಸಭೆಯಲ್ಲೇ ಹೇಳ್ತೇವೆ.

ಮುಂದಿನ ತಿಂಗಳು ಜಾರ್ಖಂಡದಿಂದ ಇಬ್ಬರು ಹೆಣ್ಣುಮಕ್ಕಳು ತರಬೇತಿಗೆ ಬಂದು ನಿಮ್ಮ ಮನೆಗಳಲ್ಲೇ ಉಳಿಯುತ್ತಾರೆ. ಕನ್ನಡ ಬಾರದು, ಮುದ್ದೆ ಕಂಡವರಲ್ಲ. ಎರಡು ದಿನ ಅನ್ನ ಮಾಡಿಕೊಡಿ. ಮೂರನೇ ದಿನ ಒಲೆಯ ಹತ್ತಿರ ಕೂರಿಸಿಕೊಂಡು ಮುದ್ದೆಕೋಲು ಅವರ ಕೈಗೆ ಕೊಡಿ. ಹಾಂ, ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಮೊದಲೇ ತೋರಿಸಿಬಿಡಿ.