ವಿಮಾನ ನಿಲ್ದಾಣವೂ ಗಡಿನಾಡಿನ ಹಳ್ಳಿಯೂ

(ಅಕ್ಕಲಕೋಟೆ ತಾಲ್ಲೂಕಿನ ಗ್ರಾಮಸ್ಥರ ಸಭೆಯಲ್ಲಿ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಈ ಸಂಜೆಯ ಭಾಷಣಕ್ಕೆಂದು ಸಮಿತಿಯವರು ನನಗೆ ಗೊತ್ತುಮಾಡಿಕೊಟ್ಟ ವಿಷಯ ವಿಮಾನ ನಿಲ್ದಾಣ. ಇದನ್ನು ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಿ. ಎಸ್.ಟಿ. ಬಸ್ಸೇ ಹೊತ್ತಿಗೆ ಸರಿಯಾಗಿ ಬಾರದ ಊರಿನಲ್ಲಿ ವಿಮಾನದ ಮಾತೇಕೆ ಎಂದು ನನ್ನನ್ನು ಚಾವಡಿಯಲ್ಲಿ ನಿಲ್ಲಿಸಿ ಕೇಳಿದವರೂ ಉಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ವಿಮಾನವನ್ನು ಏರದವನಿಗೂ ವಿಮಾನ ನಿಲ್ದಾಣದ ಸಂಬಂಧ ತಪ್ಪಿದ್ದಲ್ಲ. ಅದಕ್ಕೆ ಬೇಕಾದ ಭೂಮಿ ಹಳ್ಳಿಯದು. ಅದರ ಸುತ್ತಲಿನ ಕಟ್ಟಡಗಳು ಎಷ್ಟು ಎತ್ತರವಿರಬೇಕೆಂಬುದನ್ನು ಅದೇ ನಿಶ್ಚಯಿಸುತ್ತದೆ. ಅದರ ನಷ್ಟವನ್ನು ತುಂಬಿಕೊಡುವುದು ಸರಕಾರದ ಬೊಕ್ಕಸ. ಆ ಬೊಕ್ಕಸಕ್ಕೆ ಬೆಂಕಿಪೆಟ್ಟಿಗೆ ಕೊಳ್ಳುವವನೂ ತೆರಿಗೆ ತೆರುತ್ತಾನೆ. ಹೀಗಿರುವಾಗ ಇದರ ವಿಚಾರವನ್ನು ಪಟ್ಟಣದವರಿಗೇ ಬಿಟ್ಟುಕೊಡುವುದು ಜಾಣತನವಲ್ಲ.

ಮೊದಲು ನಮ್ಮ ಭೂಗೋಳವನ್ನು ನೋಡೋಣ. ಅಕ್ಕಲಕೋಟೆಯಿಂದ ಒಂದು ದಿಕ್ಕಿಗೆ ಸುಮಾರು 40 ಕಿಲೋಮೀಟರು ಹೋದರೆ ಸೊಲ್ಲಾಪುರ. ಇನ್ನೊಂದು ದಿಕ್ಕಿಗೆ ಅದರ ಎರಡರಷ್ಟು ದೂರ ಹೋದರೆ ಕಲಬುರಗಿ. ಸೊಲ್ಲಾಪುರದ ಹೊಟಗಿ ರಸ್ತೆಯ ನಿಲ್ದಾಣ ಹಳೆಯದು. ಕಿಂಗ್‌ಫಿಷರ್ ಸಂಸ್ಥೆಯ ವಿಮಾನಗಳು ಅಲ್ಲಿಂದ ಮುಂಬಯಿಗೆ ಕೆಲಕಾಲ ಹಾರಿ ನಿಂತವು. ಆ ಸಂಸ್ಥೆಯೇ 2012ರಲ್ಲಿ ಮುಚ್ಚಿತು. 2024ರ ಸೆಪ್ಟೆಂಬರಿನಲ್ಲಿ ಹೊಸ ಕಟ್ಟಡದ ಉದ್ಘಾಟನೆಯಾಗಿ, 2025ರ ಜೂನಿನಲ್ಲಿ ಗೋವೆಗೂ ಅಕ್ಟೋಬರಿನಲ್ಲಿ ಮುಂಬಯಿಗೂ ವಿಮಾನಗಳು ಹೊರಟವು. ಅತ್ತ ಕಲಬುರಗಿಯ ಬಳಿ ಶ್ರೀನಿವಾಸ ಸರಡಗಿಯಲ್ಲಿ 2008ರಲ್ಲಿ ಅಡಿಗಲ್ಲು ಬಿದ್ದ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. ಅಡಿಗಲ್ಲಿಗೂ ಮೊದಲ ವಿಮಾನಕ್ಕೂ ನಡುವೆ ಹನ್ನೊಂದು ವರ್ಷ! ಒಂದನೆಯ ಇಯತ್ತೆಗೆ ಸೇರಿದ ಮಗು ಮೆಟ್ರಿಕ್ ಮುಗಿಸುವಷ್ಟು ಕಾಲ. ಅಲ್ಲಿಯ ಓಡುಹಾದಿ ಮೂರು ಕಿಲೋಮೀಟರಿಗೂ ಮಿಕ್ಕಿದ ಉದ್ದದ್ದು. ದೊಡ್ಡ ವಿಮಾನಗಳೇ ಇಳಿಯಬಲ್ಲವು. ಆದರೂ 2025ರ ಅಕ್ಟೋಬರಿನಲ್ಲಿ ಅಲ್ಲಿಂದ ಬೆಂಗಳೂರಿಗೆ ಹಾರುತ್ತಿದ್ದ ವಿಮಾನ ನಿಂತಿತು.

ಓಡುಹಾದಿ ಇದ್ದೂ ವಿಮಾನ ಏಕೆ ನಿಲ್ಲುತ್ತದೆ? ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಚಿಕ್ಕ ಊರುಗಳಿಗೆ ವಿಮಾನ ತರಬೇಕೆಂಬ ಯತ್ನ ಹೊಸದೇನೂ ಅಲ್ಲ. 1981ರಲ್ಲಿ ವಾಯುದೂತ ಎಂಬ ಸರಕಾರೀ ಸಂಸ್ಥೆ ಇದಕ್ಕಾಗಿಯೇ ಹುಟ್ಟಿತು. ನಷ್ಟದಲ್ಲಿ ಮುಳುಗಿ 1993ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನವಾಯಿತು. ಆಮೇಲೆ 2016ರಲ್ಲಿ ಕೇಂದ್ರ ಸರಕಾರ 'ಉಡಾನ್' ಎಂಬ ಯೋಜನೆಯನ್ನು ಸಾರಿತು. ಅದರ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಯೋಜನೆಯ ರೀತಿ ಹೀಗಿದೆ: ವಿಮಾನದ ಸುಮಾರು ಅರ್ಧದಷ್ಟು ಆಸನಗಳನ್ನು ಗೊತ್ತುಪಡಿಸಿದ ದರಕ್ಕೆ ಮಾರಬೇಕು. ಒಂದು ಗಂಟೆಯ ಹಾರಾಟಕ್ಕೆ ಆರಂಭದಲ್ಲಿ ಗೊತ್ತುಮಾಡಿದ ದರ 2500 ರೂಪಾಯಿ. ಇದರಿಂದ ಸಂಸ್ಥೆಗೆ ಬೀಳುವ ಕೊರತೆಯನ್ನು ಮೂರು ವರ್ಷಗಳ ಕಾಲ ಸರಕಾರ ತುಂಬಿಕೊಡುತ್ತದೆ. ಆ ಹಣದಲ್ಲಿ ನೂರಕ್ಕೆ ಎಂಬತ್ತು ಪಾಲು ಕೇಂದ್ರದ್ದು, ಇಪ್ಪತ್ತು ರಾಜ್ಯದ್ದು. ರಾಜ್ಯವು ಇಂಧನದ ಮೇಲಣ ತೆರಿಗೆಯನ್ನು ಶೇಕಡಾ ಒಂದಕ್ಕೆ ಇಳಿಸಬೇಕು. ಪೊಲೀಸು ಕಾವಲನ್ನೂ ಬೆಂಕಿ ಆರಿಸುವ ದಳವನ್ನೂ ಪುಕ್ಕಟೆ ಒದಗಿಸಬೇಕು.

ಇಷ್ಟು ಏರ್ಪಾಟು ಏಕೆಂದರೆ, ಚಿಕ್ಕ ದಾರಿಯಲ್ಲಿ ಹಾರುವ ಚಿಕ್ಕ ವಿಮಾನ ಸ್ವಭಾವತಃ ದುಬಾರಿಯಾದುದು. ಎತ್ತು ಗಾಡಿಯನ್ನು ಏರಿಗೆ ಎಳೆಯುವಾಗ ಹೇಗೆ ದಣಿಯುವುದೋ, ಹಾಗೆ ವಿಮಾನವು ನೆಲ ಬಿಟ್ಟು ಮೇಲೇರುವಾಗ ಹೆಚ್ಚು ಎಣ್ಣೆ ಕುಡಿಯುತ್ತದೆ. ಮೇಲೇರಿದ ಮೇಲೆ ದೂರ ಹಾರಿದರೆ ಆ ಖರ್ಚು ಹರಡಿಹೋಗುತ್ತದೆ. ಏರಿದ ಕೂಡಲೇ ಇಳಿಯುವುದಾದರೆ ಖರ್ಚೆಲ್ಲ ಎಪ್ಪತ್ತು ಮಂದಿ ಪ್ರಯಾಣಿಕರ ತಲೆಯ ಮೇಲೆಯೇ ಬೀಳುತ್ತದೆ. ಆ ಎಪ್ಪತ್ತರಲ್ಲಿ ಮೂವತ್ತು ಆಸನ ಬರಿದಾಗಿದ್ದರಂತೂ ಹೇಳುವುದೇ ಬೇಡ.

ಫಲವೇನಾಯಿತೆಂಬುದನ್ನು ಲೆಕ್ಕಪರಿಶೋಧಕರ ಬಾಯಿಂದಲೇ ಕೇಳಿ. ಭಾರತದ ನಿಯಂತ್ರಕ ಮತ್ತು ಮಹಾಲೇಖಪಾಲರು 2023ರಲ್ಲಿ ವರದಿ ಮಾಡಿದರು: ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಕೊಟ್ಟ 774 ಮಾರ್ಗಗಳಲ್ಲಿ ಆರಂಭವಾದುವು 371, ಮೂರು ವರ್ಷ ಪೂರೈಸಿದುವು 112, ಸಹಾಯಧನ ತೀರಿದ ಮೇಲೂ 2023ರ ಮಾರ್ಚಿನಲ್ಲಿ ನಡೆಯುತ್ತಿದ್ದುವು ಕೇವಲ 54. ನೂರು ಸಸಿ ನೆಟ್ಟವನ ತೋಟದಲ್ಲಿ ಏಳು ಗಿಡ ಉಳಿದಂತೆ. ಸಸಿ ನೆಡುವ ದಿನ ಹಾರ ತುರಾಯಿ, ಫೋಟೋ ಎಲ್ಲ ಇರುತ್ತದೆ. ನೀರು ಹಾಕುವ ದಿನ ಯಾರೂ ಇರುವುದಿಲ್ಲ.

ಬೀದರಿನ ಕಥೆ ಇದಕ್ಕೆ ಹತ್ತಿರದ ಸಾಕ್ಷಿ. ಅಲ್ಲಿ ವಾಯುಪಡೆಯ ಓಡುಹಾದಿ ಮೊದಲೇ ಇತ್ತು, ಪ್ರಯಾಣಿಕರ ಕಟ್ಟಡವೂ ಆಗಿತ್ತು. ಆದರೆ ಹೈದರಾಬಾದಿನ ಹೊಸ ನಿಲ್ದಾಣದವರಿಗೆ ಕೊಟ್ಟ ಕರಾರಿನಲ್ಲಿ, 150 ಕಿಲೋಮೀಟರಿನೊಳಗೆ ಇನ್ನೊಂದು ನಿಲ್ದಾಣಕ್ಕೆ ಅಡ್ಡಿಯಿತ್ತು. ಕಟ್ಟಡ ವರ್ಷಗಟ್ಟಲೆ ಬೀಗ ಹಾಕಿಕೊಂಡು ಕೂತಿತು. ಅಡ್ಡಿ ನಿವಾರಣೆಯಾಗಿ 2020ರ ಫೆಬ್ರವರಿಯಲ್ಲಿ ವಿಮಾನ ಬಂತು, ನಿಂತಿತು. 2022ರಲ್ಲಿ ಮತ್ತೆ ಬಂತು, 2023ರ ಕೊನೆಗೆ ಮತ್ತೆ ನಿಂತಿತು. 2025ರ ಏಪ್ರಿಲಿನಲ್ಲಿ ಕರ್ನಾಟಕ ಸರಕಾರವೇ ಕೊರತೆ ತುಂಬಲೊಪ್ಪಿದ ಮೇಲೆ ಮೂರನೆಯ ಸಲ ಬಂತು. ಹೀಗೆ ಬಂದು ಹೋಗುವ ವಿಮಾನವನ್ನು ನಂಬಿ ವ್ಯಾಪಾರಿ ತನ್ನ ಕೆಲಸವನ್ನು ಗೊತ್ತುಮಾಡಿಕೊಳ್ಳಲಾರ. ಅವನು ರಾತ್ರಿಯ ರೈಲನ್ನೇ ಹಿಡಿಯುತ್ತಾನೆ. ಜನ ಬಾರದ್ದರಿಂದ ವಿಮಾನ ನಿಲ್ಲುತ್ತದೆ, ವಿಮಾನ ನಿಲ್ಲುವುದೆಂಬ ಭಯದಿಂದ ಜನ ಬರುವುದಿಲ್ಲ.

ಹೊಸೂರಿನ ಬಂಧುಗಳಿಗೂ ಈ 150 ಕಿಲೋಮೀಟರಿನ ಮಾತು ಹೊಸದಲ್ಲ. ಬೆಂಗಳೂರು ನಿಲ್ದಾಣಕ್ಕೆ 2004ರ ಕರಾರಿನಲ್ಲಿ ಅಂಥದೇ ರಕ್ಷಣೆ ಕೊಡಲಾಗಿದೆ. ಅದರ ಅವಧಿ 2033ರವರೆಗೆ. ಹೊಸೂರಿನಲ್ಲಿ 2000 ಎಕರೆಯ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು ಸರಕಾರ 2024ರ ಜೂನಿನಲ್ಲಿ ಸಾರಿದಾಗ ಈ ಕರಾರೇ ಎದುರು ನಿಂತಿತು. ಎರಡು ರಾಜ್ಯಗಳ ರಾಜಧಾನಿಗಳು ವಾದಿಸುವಾಗ, ನಡುವೆ ಇರುವ ಹಳ್ಳಿಯವನು ತನ್ನ ಹೊಲ ಉಳಿಯುವುದೋ ಹೋಗುವುದೋ ತಿಳಿಯದೆ ಬಾವಿ ತೋಡಿಸಲೂ ಹಿಂಜರಿಯುತ್ತಾನೆ.

ಇನ್ನು ನಮ್ಮ ಸೊಲ್ಲಾಪುರದ ಹೊಗೆಗೊಳವೆಯ ಸಂಗತಿ. ಶ್ರೀ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರಖಾನೆಯ ಹೆಸರು ಸೊನ್ನಲಿಗೆಯ ಸಿದ್ಧರಾಮನದು. ಅದರ ಸದಸ್ಯರಲ್ಲಿ ನಮ್ಮ ಕಡೆಯ ಕಬ್ಬಿನ ರೈತರು ಎಷ್ಟೋ ಮಂದಿ. ಅದರ ವಿದ್ಯುತ್ ಘಟಕದ ತೊಂಬತ್ತು ಮೀಟರಿಗೂ ಎತ್ತರದ ಹೊಗೆಗೊಳವೆ ವಿಮಾನದ ದಾರಿಗೆ ಅಡ್ಡವೆಂದು ವರ್ಷಾನುಗಟ್ಟಲೆ ವ್ಯಾಜ್ಯ ನಡೆದು, 2023ರ ಜೂನ್ 15ರಂದು ಅದನ್ನು ಕೆಡವಲಾಯಿತು. ಓಡುಹಾದಿಯ ತುದಿಯಿಂದ ಆಕಾಶಕ್ಕೆ ಇಳಿಜಾರಾದ ಮಾಳಿಗೆಯೊಂದನ್ನು ಕಲ್ಪಿಸಿಕೊಳ್ಳಿ: ಆ ಮಾಳಿಗೆಯನ್ನು ತೂರಿ ಏಳುವ ಯಾವ ಗೋಪುರವೂ, ಕಂಬವೂ, ಮರವೂ ಇರಕೂಡದು. ಪ್ರಾಣರಕ್ಷಣೆಯ ನಿಯಮವಿದು, ಇದನ್ನು ನಾನು ಅಲ್ಲಗಳೆಯಲಾರೆ. ಆದರೆ ಕಬ್ಬಿನವರೂ ನಗರದವರೂ ಶತ್ರುಗಳಂತೆ ನಿಲ್ಲಬೇಕಾಗಿ ಬಂದುದು ವ್ಯಸನದ ಸಂಗತಿ. ಕಾರಖಾನೆಯೂ ಬೇಕು, ವಿಮಾನವೂ ಬೇಕು ಎಂಬ ಊರು ಎತ್ತರದ ಲೆಕ್ಕವನ್ನು ಕಟ್ಟುವ ಮೊದಲೇ ಹಾಕಬೇಕಿತ್ತು. ಇದಕ್ಕೆ ಬದಲಾಗಿ ಬೋರಾಮಣಿಯಲ್ಲಿ ದೊಡ್ಡ ನಿಲ್ದಾಣವೆಂದು ನೂರಾರು ಹೆಕ್ಟೇರು ಭೂಮಿ ಪಡೆದದ್ದೂ, ಎರೆಭೂತ ಪಕ್ಷಿಯ ಅಭಯಾರಣ್ಯಕ್ಕೆ ಸೇರಿದ ಅರಣ್ಯಭೂಮಿಯ ಪ್ರಶ್ನೆಯಿಂದ ಆ ಕೆಲಸ ತಡೆದದ್ದೂ ನಿಮಗೆ ತಿಳಿದಿದೆ.

ಭೂಮಿಯ ಮಾತು ಬಂದುದರಿಂದ ಕಾನೂನಿನ ಎರಡು ಮಾತು ಹೇಳಬೇಕು. ದಯವಿಟ್ಟು ಗಮನವಿಟ್ಟು ಕೇಳಿ. 2013ರ ಭೂಸ್ವಾಧೀನ ಕಾಯಿದೆಯ ಮೇರೆಗೆ ಹೊಲ ತೆಗೆದುಕೊಳ್ಳುವಾಗ, ಪ್ರಾಥಮಿಕ ಅಧಿಸೂಚನೆಯನ್ನು ಪಂಚಾಯತಿಯಲ್ಲಿ ಸ್ಥಳೀಯ ಭಾಷೆಯಲ್ಲಿ ಪ್ರಕಟಿಸಬೇಕು. ಅದು ಪ್ರಕಟವಾದ ಅರವತ್ತು ದಿನಗಳೊಳಗೆ ರೈತನು ಲಿಖಿತ ತಕರಾರು ಸಲ್ಲಿಸಬಹುದು. ಅರವತ್ತೊಂದನೆಯ ದಿನ ಅಳುತ್ತ ಹೋದರೆ ಕೇಳುವವರಿಲ್ಲ. ಈಗ ನನ್ನ ಪ್ರಶ್ನೆ: ನಮ್ಮ ಊರಿನ ಸ್ಥಳೀಯ ಭಾಷೆ ಯಾವುದು? ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ 1956ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿವೇದನಪತ್ರದಲ್ಲಿ, ಜಿಲ್ಲೆಯಲ್ಲಾಗಲಿ ತಾಲ್ಲೂಕಿನಲ್ಲಾಗಲಿ ಒಂದು ಭಾಷೆಯವರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯ ಸೂಚನೆಗಳನ್ನು ಆ ಭಾಷೆಯಲ್ಲಿಯೂ ಪ್ರಕಟಿಸುವುದು ಯುಕ್ತವೆಂದು ಹೇಳಿದೆ. ನಮ್ಮ ತಾಲ್ಲೂಕಿನಲ್ಲಿ ಕನ್ನಡಿಗರು ಅದಕ್ಕೆ ಎಷ್ಟೋ ಮಿಗಿಲಾಗಿದ್ದೇವೆ. ಸಂವಿಧಾನದ 350ನೆಯ ಅನುಚ್ಛೇದವೂ ಯಾವ ಅಧಿಕಾರಿಗಾದರೂ ದೇಶದಲ್ಲಿಯೋ ರಾಜ್ಯದಲ್ಲಿಯೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಬರೆಯುವ ಹಕ್ಕನ್ನು ಕೊಟ್ಟಿದೆ. ಮರಾಠಿಯ ಮೇಲೆ ನಮಗೆ ದ್ವೇಷವಿಲ್ಲ. ಅದು ನೆರೆಮನೆಯ ಭಾಷೆ, ನಮ್ಮಲ್ಲಿ ಹಲವರಿಗೆ ಬರುತ್ತದೆ. ಆದರೆ ಅಜ್ಜನಿಂದ ಬಂದ ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುದುಕಿಗೆ ಅದರ ಪ್ರತಿ ಅಕ್ಷರವೂ ತಾನಾಗಿ ತಿಳಿಯಬೇಕು.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ: 'ಗುರುಗಳೇ, ನಮ್ಮ ದಾಳಿಂಬೆ ಇನ್ನು ವಿಮಾನದಲ್ಲಿ ಹೋಗುತ್ತದೆಯೇ?' ಸೊಲ್ಲಾಪುರದ ದಾಳಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ನಿಜ. ಆದರೆ ಎಪ್ಪತ್ತು ಆಸನದ ವಿಮಾನದ ಹೊಟ್ಟೆಯಲ್ಲಿ ಪ್ರಯಾಣಿಕರ ಪೆಟ್ಟಿಗೆಗಳೇ ತುಂಬುತ್ತವೆ. ಹಣ್ಣು ಲಾರಿಯಲ್ಲಿಯೇ ಹೋಗುವುದು. ಸುಳ್ಳು ಆಸೆ ಹುಟ್ಟಿಸುವವರನ್ನು ನಂಬಬೇಡಿರಿ. ನಮಗೆ ಲಾಭ ಬರಬಹುದಾದ ದಾರಿ ಯಾತ್ರಿಕರದು. ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೂ ಗಾಣಗಾಪುರದ ದತ್ತನ ದರ್ಶನಕ್ಕೂ ಬರುವವರು ಬಹುಮಟ್ಟಿಗೆ ಒಂದೇ ಜನ. ಅವರು ಸೊಲ್ಲಾಪುರದಲ್ಲಿ ಇಳಿದು, ಎರಡೂ ಕ್ಷೇತ್ರಗಳನ್ನು ನೋಡಿ, ಕಲಬುರಗಿಯಲ್ಲಿ ವಿಮಾನ ಹತ್ತುವಂತಾದರೆ ಎರಡು ನಿಲ್ದಾಣಗಳಿಗೂ ಜನ ದೊರೆತಾರು. ನಮ್ಮ ಹುಡುಗರ ಜೀಪುಗಳಿಗೂ ಖಾನಾವಳಿಗಳಿಗೂ ಕೆಲಸ ದೊರೆತೀತು. ಆದರೆ ಎರಡೂ ರಾಜ್ಯಗಳು ತಮ್ಮ ತಮ್ಮ ರಾಜಧಾನಿಯ ಕಡೆಗೇ ಮುಖಮಾಡಿ ವಿಮಾನಗಳನ್ನು ಹಾರಿಸುತ್ತವೆ. ಗಡಿಯ ಈಚೆಗೂ ಆಚೆಗೂ ಸೇರಿಸಿ ಪ್ರಯಾಣಿಕರನ್ನು ಎಣಿಸಿದರೆ ಬರಿದಾದ ಆಸನಗಳಲ್ಲಿ ಒಂದಷ್ಟು ತುಂಬಿಯಾವು ಎಂಬುದು ನನ್ನ ಅಭಿಪ್ರಾಯ.

ಆದುದರಿಂದ ಸಮಿತಿಯ ಅರ್ಜಿಯಲ್ಲಿ ಹೊಸ ನಿಲ್ದಾಣವನ್ನು ಬೇಡಿಲ್ಲ. ಬೇಡಿರುವುದು ಇಷ್ಟು: ಸೊಲ್ಲಾಪುರದಿಂದ ಬೆಂಗಳೂರಿಗೆ ವಾರಪೂರ್ತಿ, ಒಂದೇ ಹೊತ್ತಿಗೆ ಹೋಗುವ ವಿಮಾನ, ಅದರ ಕೊರತೆಯನ್ನು ಎರಡೂ ರಾಜ್ಯಗಳು ಹಂಚಿಕೊಂಡು ಮೂರು ವರ್ಷದ ಆಚೆಗೂ ತುಂಬುವ ಏರ್ಪಾಟು, ಆ ಹೊತ್ತಿಗೆ ಸರಿಹೊಂದುವ ಬಸ್ಸು, ಅಕ್ಕಲಕೋಟೆಯಿಂದ ಒಂದು, ಇಂಡಿಯ ಕಡೆಯಿಂದ ಒಂದು, ಭೂಮಿಗೆ ಸಂಬಂಧಿಸಿದ ಪ್ರತಿಯೊಂದು ಸೂಚನೆ ಪಂಚಾಯತಿಯ ಹಲಗೆಯ ಮೇಲೆ ಕನ್ನಡದಲ್ಲಿಯೂ. ಜತ್ತದ ಬಂಧುಗಳಿಗೆ ವಿಜಯಪುರ ಹತ್ತಿರ. ಅಲ್ಲಿ 2021ರಲ್ಲಿ ಕೆಲಸ ಆರಂಭವಾದ ನಿಲ್ದಾಣದ ಬಗ್ಗೆ ಅವರು ಬೇರೆ ಅರ್ಜಿ ಬರೆಯುವುದು ಒಳ್ಳೆಯದು.

ಅರ್ಜಿಯ ಕನ್ನಡ ಪ್ರತಿಯೂ ಮರಾಠಿ ಪ್ರತಿಯೂ ಶಾಲೆಯ ಮೇಜಿನ ಮೇಲಿವೆ. ಓದಲು ಬಾರದವರಿಗೆ ಏಳನೆಯ ಇಯತ್ತೆಯ ಮಕ್ಕಳು ಓದಿ ಹೇಳುತ್ತಾರೆ. ಪೂರ್ತಿ ಕೇಳಿದ ಮೇಲೆಯೇ ಸಹಿ ಮಾಡಿರಿ. ಒಪ್ಪಿಗೆಯಿಲ್ಲದ ಮಾತಿದ್ದರೆ ಅದನ್ನು ಅಂಚಿನಲ್ಲಿ ಬರೆಯಿಸಿರಿ. ಶನಿವಾರ ಅದನ್ನು ತಹಶೀಲದಾರರ ಕಚೇರಿಗೆ ಒಯ್ಯುತ್ತೇವೆ. ಮುಂಜಾನೆಯ ಬಸ್ಸಿಗೆ ಬರುವವರು ಇಂದೇ ಹೆಸರು ಕೊಡಬೇಕು.