ಕುಂಡಕ್ಕೆ ಒಗ್ಗದ ಮರಗಳು

ಬೋನ್ಸಾಯ್ ಎಂದರೆ ಗಿಡವನ್ನು ಉಪವಾಸ ಕೆಡವಿ ಕುಳ್ಳಾಗಿಸುವ ಕ್ರೌರ್ಯ ಎಂದು ನಂಬಿದವರು ಸಭಿಕರಲ್ಲಿ ಕೆಲವರಾದರೂ ಇರಬಹುದು. ವಿಷಯ ಹಾಗಿಲ್ಲ. ಹಸಿದ ಗಿಡ ಸಾಯುತ್ತದೆಯೇ ಹೊರತು ತಟ್ಟೆಯಂಥ ಕುಂಡದಲ್ಲಿ ನೂರು ವರ್ಷ ಬಾಳುವುದಿಲ್ಲ. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಹದಗೊಂಡ ಈ ಕಲೆ ನಿಂತಿರುವುದು ಬೇರು ಮತ್ತು ಚಿಗುರುಗಳ ಲೆಕ್ಕಾಚಾರದ ಮೇಲೆ. ಮೇಲೆ ಎಷ್ಟು ಸವರಿದರೆ ಕೆಳಗೆ ಎಷ್ಟು ಕತ್ತರಿಸಬೇಕು ಎಂಬುದು ಗೊತ್ತಿದ್ದವನಿಗೆ ಮರ ಮಣಿಯುತ್ತದೆ. ಆದರೆ ಎಲ್ಲ ಮರಗಳೂ ಮಣಿಯುವುದಿಲ್ಲ.

ಮೊದಲು ಮಣಿಯುವ ಮರಗಳನ್ನು ನೋಡೋಣ. ಹಳೆಯ ಕಟ್ಟಡದ ಗೋಡೆಯ ಬಿರುಕಿನಲ್ಲಿ ಅಶ್ವತ್ಥದ ಸಸಿಯೊಂದು ಚಿಗುರಿರುವುದನ್ನು ನೀವೆಲ್ಲ ಕಂಡಿದ್ದೀರಿ. ಹಕ್ಕಿ ಹಾಕಿದ ಹಿಕ್ಕೆಯಲ್ಲಿದ್ದ ಬೀಜ ಅದು. ಅಲ್ಲಿ ಮಣ್ಣಿಲ್ಲ, ನೀರು ಮಳೆಗಾಲದಲ್ಲಿ ಮಾತ್ರ. ಆದರೂ ಅದು ಬದುಕುತ್ತದೆ, ಕಿತ್ತು ಹಾಕಿದರೆ ಮತ್ತೆ ಚಿಗುರುತ್ತದೆ. ಆಲ, ಅತ್ತಿ, ಗೋಳಿ ಎಲ್ಲವೂ ಇದೇ ಕುಲದವು. ಬರಿಯ ಕಾಂಡದಿಂದಲೂ ಕವಲೊಡೆಯುವ, ಬೇರು ಕತ್ತರಿಸಿದರೂ ಮುನಿಯದ ಜಾತಿಗಳು. ನಮ್ಮಲ್ಲಿ ಬೋನ್ಸಾಯ್ ಹವ್ಯಾಸಿಗಳು ಬಹುತೇಕ ಇವುಗಳಿಂದಲೇ ಅಕ್ಷರಾಭ್ಯಾಸ ಮಾಡುವುದು ಸುಮ್ಮನೆ ಅಲ್ಲ.

ಇದಕ್ಕೆ ತದ್ವಿರುದ್ಧ ತೆಂಗು. ಕರಾವಳಿಯವರಿಗೆ ಹಿತ್ತಿಲ ತೆಂಗನ್ನು ಕುಂಡಕ್ಕೆ ಇಳಿಸಬೇಕೆಂಬ ಆಸೆ ಬಂದರೆ ಆಶ್ಚರ್ಯವಿಲ್ಲ. ಆದರೆ ತೆಂಗು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹುಲ್ಲಿಗೆ ಹತ್ತಿರದ ನೆಂಟ. ಮಾವು, ಹುಣಿಸೆಯಂಥ ಮರಗಳಲ್ಲಿ ತೊಗಟೆಗೂ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಎಂಬ ತೆಳುವಾದ ಜೀವಂತ ಪದರ ಇರುತ್ತದೆ. ಕಾಂಡ ವರ್ಷದಿಂದ ವರ್ಷಕ್ಕೆ ದಪ್ಪವಾಗುವುದು, ಆದ ಗಾಯ ಮಾಯುವುದು ಇದರಿಂದಲೇ. ತೆಂಗಿಗೆ ಈ ಪದರವೇ ಇಲ್ಲ. ಜೊತೆಗೆ ಅದರ ಇಡೀ ಜೀವ ಇರುವುದು ತುದಿಯ ಒಂದೇ ಒಂದು ಸುಳಿಯಲ್ಲಿ. ಸುಳಿ ಕತ್ತರಿಸಿದರೆ ಪಕ್ಕದಲ್ಲಿ ಕವಲೊಡೆಯುವ ಮಾತೇ ಇಲ್ಲ, ಮರ ಸತ್ತಂತೆಯೇ. ಕೊಂಬೆಯಿಲ್ಲದ ಮರಕ್ಕೆ ಯಾವ ಕೊಂಬೆಯನ್ನು ತಂತಿ ಸುತ್ತಿ ಬಗ್ಗಿಸುವುದು?

ಇಂಡೊನೇಷ್ಯಾದ ಹವ್ಯಾಸಿಗಳು ಮೊಳಕೆಯೊಡೆದ ತೆಂಗಿನಕಾಯಿಯನ್ನೇ ಇಟ್ಟುಕೊಂಡು, ಗರಿಗಳ ಬುಡದ ಪೊರೆಯನ್ನು ಸೀಳುತ್ತಾ ಗರಿ ಗಿಡ್ಡವಾಗುವಂತೆ ಮಾಡುತ್ತಾರೆ. ನೋಡಲು ಅಂದವಾಗಿರುತ್ತದೆ, ನಿಜ. ಆದರೆ ಅದು ಬೆಳವಣಿಗೆ ಕುಂಠಿತಗೊಂಡ ಸಸಿಯೇ ಹೊರತು ಪುಟ್ಟ ರೂಪದ ಹಳೆಯ ಮರ ಅಲ್ಲ.

ಬಿದಿರಿನದೂ ಇದೇ ಕಥೆ, ಸ್ವಲ್ಪ ಬೇರೆ ರೀತಿ. ಕಳಲೆ ನೆಲದಿಂದ ಏಳುವಾಗ ಎಷ್ಟು ದಪ್ಪವೋ ಬೊಂಬು ಕೊನೆಯವರೆಗೂ ಅಷ್ಟೇ ದಪ್ಪ. ಎತ್ತರ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ. ಆ ವಾರಗಳಲ್ಲಿ ಕಳಲೆಯ ಹೊರಪೊರೆಯನ್ನು ಒಂದೊಂದಾಗಿ ಬಿಡಿಸಿದರೆ ಗೆಣ್ಣುಗಳ ನಡುವಿನ ಅಂತರ ತಗ್ಗುತ್ತದೆ. ಒಂದು ದಿನ ತಡವಾದರೆ ಆ ಬೊಂಬು ಕೈಬಿಟ್ಟಂತೆ.

ಇನ್ನು ಎಲೆಯ ಸಮಸ್ಯೆ. ಸಾಗುವಾನಿಯ ಎಲೆ ಒಂದಡಿಗಿಂತ ದೊಡ್ಡದಾಗಬಲ್ಲದು. ಬಿಸಿಲು ಹೆಚ್ಚಿಸಿ, ಬೇರಿನ ಜಾಗ ಕಡಿಮೆ ಮಾಡಿ, ಎಲೆಗಳನ್ನು ಆಗಾಗ ಕಿತ್ತು ಹಾಕಿ ಎಲೆಯನ್ನು ಸ್ವಲ್ಪ ಮಟ್ಟಿಗೆ ಕಿರಿದಾಗಿಸಬಹುದು. ಅದಕ್ಕೂ ಮಿತಿ ಉಂಟು. ಹೂವು, ಹಣ್ಣುಗಳಂತೂ ಈ ಮಾತಿಗೆ ಬಗ್ಗುವುದೇ ಇಲ್ಲ. ಮರ ಎಷ್ಟೇ ಪುಟ್ಟದಾದರೂ ಹಣ್ಣು ತನ್ನ ಸಹಜ ಗಾತ್ರಕ್ಕೇ ಬೆಳೆಯಲು ನೋಡುತ್ತದೆ. ಒಂದೂವರೆ ಅಡಿಯ ಮಾವಿನ ಗಿಡಕ್ಕೆ ಒಂದು ರಸಪುರಿ ನೇತುಬಿದ್ದರೆ ಹೇಗಿದ್ದೀತು? ಹಲಸಿನ ಮಾತು ಬೇಡವೇ ಬೇಡ. ಸಣ್ಣ ಹಣ್ಣಿನ ಕುಬ್ಜ ದಾಳಿಂಬೆ ಈ ಹವ್ಯಾಸದಲ್ಲಿ ಜನಪ್ರಿಯವಾದದ್ದು ಇದೇ ಕಾರಣಕ್ಕೆ.

ಪೈನ್ ಮರಗಳು ಬೋನ್ಸಾಯ್ ಲೋಕದ ರಾಜರು, ಅಷ್ಟೇ ಹಟಮಾರಿಗಳು. ಕೊಂಬೆಯಲ್ಲಿ ಹಸಿರು ಸೂಜಿಗಳನ್ನು ಸ್ವಲ್ಪವೂ ಉಳಿಸದೆ ಕತ್ತರಿಸಿದರೆ ಸಾಮಾನ್ಯವಾಗಿ ಆ ಕೊಂಬೆ ಮತ್ತೆ ಚಿಗುರದು. ಅದರ ಬೇರಿನ ಜೊತೆ ಒಂದು ಬಗೆಯ ಶಿಲೀಂಧ್ರ ಬಾಳುತ್ತದೆ. ಹೀಗಾಗಿ ಕುಂಡ ಬದಲಿಸುವಾಗ ಹಳೆಯ ಮಣ್ಣನ್ನು ಪೂರ್ತಿ ತೊಳೆಯುವಂತಿಲ್ಲ. ಬರ್ಚ್ ಮರವೋ, ಕಾರಣ ಹೇಳದೆ ಒಂದು ಕೊಂಬೆಯನ್ನೇ ಒಣಗಿಸಿಬಿಡುವುದರಲ್ಲಿ ಕುಖ್ಯಾತ.

ಶಿಂಪಾಕು ಎಂಬ ಜೂನಿಪರ್‌ನ ಕಷ್ಟ ಇನ್ನೊಂದು ತೆರನದು. ಕುಂಡದಲ್ಲಿ ಅದು ಚೆನ್ನಾಗಿಯೇ ಒಗ್ಗುತ್ತದೆ. ಆದರೆ ಗಾಳಿ, ಹಿಮಕ್ಕೆ ಮೈಯೊಡ್ಡಿ ತಿರುಚಿಕೊಂಡ ಹಳೆಯ ಕಾಂಡ ಬೇಕೆಂದು ಜಪಾನಿನ ಇತೊಯಿಗಾವಾ ಸುತ್ತಲಿನ ಕಡಿದಾದ ಬಂಡೆಗಳಿಗೆ ಹಗ್ಗ ಕಟ್ಟಿಕೊಂಡು ಇಳಿದವರಿದ್ದರು. ಪ್ರಾಣ ಕಳೆದುಕೊಂಡವರೂ ಉಂಟು. ಆ ಬಂಡೆಗಳ ಮೇಲೆ ಈಗ ಅಂಥ ಹಳೆಯ ಮರಗಳು ಉಳಿದಿಲ್ಲವೆನ್ನುವಷ್ಟು ಅಪರೂಪ. ಕಲೆಯ ಹೆಸರಿನಲ್ಲಿ ಕಾಡು ಬರಿದಾದದ್ದನ್ನು ಬೋನ್ಸಾಯ್ ಪುಸ್ತಕಗಳು ಹೇಳುವುದು ಕಡಿಮೆ. 2019ರ ಜನವರಿಯಲ್ಲಿ ಟೋಕಿಯೊ ಪಕ್ಕದ ಸೈತಾಮಾದಲ್ಲಿ 400 ವರ್ಷದ್ದೆನ್ನಲಾದ ಶಿಂಪಾಕು ಒಂದು ಕಳವಾಯಿತು. ಕಳ್ಳರ ಮೇಲೆ ಸಿಟ್ಟಾಗುವ ಬದಲು, ದಯವಿಟ್ಟು ಅದಕ್ಕೆ ನೀರು ಹಾಕಿ ಎಂದು ಅದನ್ನು ಸಾಕಿದವರು ಕೇಳಿಕೊಂಡರು.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಶ್ರೀಗಂಧ. ಗಂಧದ ಮರ ಅರೆ ಪರಾವಲಂಬಿ. ತನ್ನ ಎಲೆಯಲ್ಲಿ ತಾನೇ ಆಹಾರ ತಯಾರಿಸಿಕೊಂಡರೂ, ನೀರು, ಲವಣಗಳಿಗಾಗಿ ನೆರೆಯ ಗಿಡಗಳ ಬೇರಿಗೆ ತನ್ನ ಹೀರುಬೇರನ್ನು ಕಚ್ಚಿಸುತ್ತದೆ. ನರ್ಸರಿಗಳಲ್ಲಿ ಗಂಧದ ಸಸಿಯ ಪಕ್ಕ ತೊಗರಿಯಂಥ ಗಿಡ ಬೆಳೆಸುವುದು ಇದಕ್ಕಾಗಿಯೇ. ಇದನ್ನು ಬೋನ್ಸಾಯ್ ಮಾಡಹೊರಟವನಿಗೆ ಎರಡು ಇಕ್ಕಟ್ಟು. ಕುಂಡದಲ್ಲಿ ಆಸರೆಯ ಗಿಡವಿಲ್ಲದಿದ್ದರೆ ಗಂಧ ಸೊರಗುತ್ತದೆ. ಆಸರೆಯ ಗಿಡವಿದ್ದರೆ ಇರುವ ಹಿಡಿ ಮಣ್ಣಿನಲ್ಲಿ ಅದಕ್ಕೂ ಪಾಲು ಕೊಡಬೇಕು. ಹೋಗಲಿ ಎಂದು ಎರಡನ್ನೂ ಸಾಕಿದರೂ, ಬೇರು ಸವರುವ ದಿನ ಕತ್ತರಿ ಆಡಿಸಿದೊಡನೆ ಆ ಬೆಸುಗೆಯೇ ಕಡಿದುಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಪರಿಮಳಕ್ಕಾಗಿ ಕಾಯಬೇಕು, ಏಕೆಂದರೆ ಪರಿಮಳ ಇರುವುದು ಎಲೆಯಲ್ಲಲ್ಲ, ವರ್ಷಗಟ್ಟಲೆ ಬಲಿತು ಕಟ್ಟುವ ಚೇಗಿನಲ್ಲಿ. ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯವರೆಗೆ ಗಂಧದ ಮರ ಯಾರ ಜಮೀನಿನಲ್ಲಿ ಬೆಳೆದರೂ ಸರ್ಕಾರದ ಸ್ವತ್ತಾಗಿತ್ತು ಎಂಬುದು ಬೇರೆ ಮಾತು.

ಇನ್ನು ಕೆಲವು ಮರಗಳು ತಮ್ಮ ನಾಡಿನಲ್ಲಿ ಸುಲಭ, ನಮ್ಮಲ್ಲಿ ದುರ್ಲಭ. ಲಾರ್ಚ್, ಜಪಾನಿನ ಮೇಪಲ್ ಮೊದಲಾದವು ಚಳಿಗಾಲದಲ್ಲಿ ಎಲೆ ಉದುರಿಸಿ ತಿಂಗಳುಗಟ್ಟಲೆ ನಿದ್ರಿಸಬೇಕು. ಬೆಂಗಳೂರಿನ ಡಿಸೆಂಬರ್ ನಮಗೆ ಚಳಿ, ಆ ಮರಗಳಿಗೆ ಅಲ್ಲ. ನಿದ್ದೆಯಿಲ್ಲದ ಮರ ಒಂದೆರಡು ವರ್ಷ ಹೇಗೋ ತಳ್ಳಿ, ಕ್ರಮೇಣ ಕೃಶವಾಗಿ ಸಾಯುತ್ತದೆ. ದುಡ್ಡು ಸುರಿದು ವಿದೇಶಿ ಗಿಡ ತರಿಸುವವರು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಅದರ ಊರಿನ ಹವೆಯನ್ನು.

ಜಾತಿ ಯಾವುದೇ ಇರಲಿ, ದಿನವೂ ನೀರು ತಪ್ಪುವಂತಿಲ್ಲ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ 1625ರಿಂದ ಕುಂಡದಲ್ಲಿ ಬೆಳೆಯುತ್ತಿರುವ ಬಿಳಿ ಪೈನ್ ಒಂದಿದೆ. ಹಿರೋಷಿಮಾದ ಯಾಮಾಕಿ ಮನೆತನ ತಲೆಮಾರುಗಳ ಕಾಲ ಸಾಕಿದ್ದು ಅದು. 1945ರ ಆಗಸ್ಟ್ 6ರಂದು ಅಣುಬಾಂಬ್ ಬಿದ್ದ ಜಾಗಕ್ಕೂ ಆ ಮನೆಗೂ ಸುಮಾರು 3 ಕಿ.ಮೀ. ಅಂತರ. ಮನೆಯ ಕಿಟಕಿ ಗಾಜುಗಳೆಲ್ಲ ಪುಡಿಯಾದರೂ ತೋಟದ ಗೋಡೆ ಈ ಮರವನ್ನು ಕಾಪಾಡಿತು. ಅಮೆರಿಕ ಸ್ವತಂತ್ರವಾದ 200ನೇ ವರ್ಷಕ್ಕೆ, 1976ರಲ್ಲಿ, ಮಸಾರು ಯಾಮಾಕಿ ಅದನ್ನು ಅಮೆರಿಕಕ್ಕೇ ಉಡುಗೊರೆಯಾಗಿ ಕೊಟ್ಟರು. ಬಾಂಬಿನ ವಿಷಯವನ್ನು ಅಲ್ಲಿನವರು ತಿಳಿದದ್ದು 2001ರಲ್ಲಿ, ಯಾಮಾಕಿ ಅವರ ಮೊಮ್ಮಕ್ಕಳು ಅಜ್ಜನ ಮರವನ್ನು ನೋಡಲು ಹೋದಾಗ.