ಸುಗ್ಗಿಯ ದಿನಗಳ ಸಂಜೆಯ ಅಡುಗೆ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರು ಹಾಗೂ ರೈತ ಮಹಿಳೆಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಬೇಸಾಯಶಾಸ್ತ್ರ ಕಲಿಸುವವನು ಅಡುಗೆಯ ಮಾತೆತ್ತಿದನಲ್ಲ ಎಂದು ನಿಮಗೆ ಅನಿಸಬಹುದು. ಬೆಳೆದದ್ದು ಕೊನೆಗೆ ಸೇರುವುದು ತಟ್ಟೆಗೇ ಆದ್ದರಿಂದ ಈ ಮಾತು ನನ್ನ ವಿಷಯಕ್ಕೆ ಹೊರಗಿನದಲ್ಲ.

ಅರಕಲಗೂಡು ಕಡೆ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುವ ದಿನಗಳು, ಹಾಸನದ ಸುತ್ತ ಆಲೂಗೆಡ್ಡೆ ಅಗೆಯುವ ದಿನಗಳು, ಅವುಗಳ ಹಿಂದೆಯೇ ರಾಗಿ ಕೊಯ್ಲು. ಆಗೆಲ್ಲ ಮನೆಯಾಕೆ ಹೊಲದಿಂದ ಬರುವುದು ದೀಪ ಹಚ್ಚುವ ಹೊತ್ತಿಗೆ. ಬಂದ ಮೇಲೆ ಹಾಲು ಕರೆದು ಡೈರಿಗೆ ಹಾಕಬೇಕು. ಒಲೆ ಹಚ್ಚುವಾಗ ಏಳೂವರೆ. ಎಂಟೂವರೆಯೊಳಗೆ ಊಟ ಆಗದಿದ್ದರೆ ಸಣ್ಣ ಮಕ್ಕಳು ಎರಡು ಬಿಸ್ಕತ್ತು ತಿಂದು ಮಲಗಿಬಿಡುತ್ತವೆ. ಇಂತಹ ರಾತ್ರಿಗಳಲ್ಲಿ ತಟ್ಟೆಯಿಂದ ಮೊದಲು ಜಾರುವುದು ಕಾಳು, ಅನಂತರ ಸೊಪ್ಪು. ಉಳಿಯುವುದು ಅನ್ನ ಮತ್ತು ನೀರು ಸಾರು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯಲ್ಲಿ ಅಕ್ಕಿಯ ಚಿಂತೆ ಕಡಿಮೆಯಾಯಿತು, ಒಳ್ಳೆಯದೇ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ, ಬೆಳ್ಳಗೆ ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು ಮಾತ್ರ. ಬೆಳೆಯುವ ಮಕ್ಕಳಿಗೂ ಬಾಣಂತಿಯರಿಗೂ ಇದು ಸಣ್ಣ ವ್ಯತ್ಯಾಸವಲ್ಲ.

ಹಾಗಾದರೆ ದಣಿದು ಬಂದವರು ಏನು ಮಾಡಬೇಕು? ಹೊಸದನ್ನು ಕಲಿಯಬೇಕಾಗಿಲ್ಲ. ನಮ್ಮ ಸೀಮೆಯ ಬಸ್ಸಾರೇ ಇದಕ್ಕೆ ತಕ್ಕ ಅಡುಗೆ. ಒಮ್ಮೆ ಬೇಯಿಸಿದರೆ ಸಾರೂ ಆಯಿತು, ಪಲ್ಯವೂ ಆಯಿತು.

ಕೆಲಸ ಶುರುವಾಗುವುದು ಬೆಳಿಗ್ಗೆ. ಹೊಲಕ್ಕೆ ಹೊರಡುವ ಮುನ್ನ ಒಂದು ಪಾವು ಅಲಸಂದೆ ಅಥವಾ ಹುರುಳಿಯನ್ನು ತೊಳೆದು ನೆನೆಹಾಕಿ ಹೋಗಿ. ಐದು ಜನರಿಗೆ ಇಷ್ಟು ಸಾಕು. ಹೆಸರುಕಾಳಾದರೆ ನೆನೆಯದಿದ್ದರೂ ನಡೆಯುತ್ತದೆ. ಸಂಜೆ ಧಾರಾಳವಾಗಿ ನೀರು ಹಾಕಿ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ. ಹುರುಳಿಗೆ ಇನ್ನೆರಡು ಹೆಚ್ಚು ಬೇಕಾದೀತು. ಅಷ್ಟರಲ್ಲಿ ಎರಡು ಕಂತೆ ದಂಟೋ ಕೀರೆಯೋ ಹೆಚ್ಚಿಕೊಂಡು, ಕುಕ್ಕರ್ ಇಳಿದ ಮೇಲೆ ಅದಕ್ಕೇ ಹಾಕಿ ಐದು ನಿಮಿಷ ಕುದಿಸಿ ಬಸಿಯಿರಿ. ಬೆಂದದ್ದರಲ್ಲಿ ಎರಡು ಹಿಡಿ ತೆಗೆದು ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಸಾರಿನ ಪುಡಿ, ತುಸು ಕಾಯಿ, ಹುಣಿಸೆಹಣ್ಣಿನೊಡನೆ ರುಬ್ಬಿ ಬಸಿದ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯುವಾಗ ನೀರಿಗೆ ಇಳಿದ ಜೀವಸತ್ವಗಳೂ ಖನಿಜಾಂಶಗಳೂ ಬಚ್ಚಲಿಗೆ ಹೋಗದೆ ಸಾರಿನಲ್ಲೇ ಉಳಿಯುತ್ತವೆ.

ಹುಣಿಸೆಹಣ್ಣನ್ನು ಕಾಳು ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಹುಳಿಗೆ ಕಾಳು ಬಿರುಸಾಗಿ ಉಳಿಯುತ್ತದೆ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಅದು ಕಾಳಿನ ಬಿ ಜೀವಸತ್ವವನ್ನು ಕೆಡಿಸುತ್ತದೆ. ನೆನೆಸಿದ ಕಾಳಿಗೆ ಸೋಡಾದ ಹಂಗಿಲ್ಲ.

ಹಿಟ್ಟು ತೊಳಸುವುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎರಡೇ ಮಾತು. ರಾಗಿ ಹಿಟ್ಟನ್ನು ಸಣ್ಣ ಜರಡಿ ಹಿಡಿದು ತೌಡು ಬಿಸಾಡಬೇಡಿ, ಸುಣ್ಣದಂಶದ ದೊಡ್ಡ ಪಾಲು ಸಿಪ್ಪೆಯಲ್ಲೇ ಇರುವುದು. ಎರಡನೆಯದು ಗಂಡಸರಿಗೆ: ತೊಳಸುವುದು ತೋಳಿನ ಕೆಲಸ, ಮಡಕೆ ಹಿಡಿದ ಕೈಗೆ ಹಿಟ್ಟಿನ ಕೋಲು ಭಾರವಾಗದು. ಆಕೆ ಕಾರ ರುಬ್ಬುವಷ್ಟರಲ್ಲಿ ನೀವು ಮುದ್ದೆ ಕಟ್ಟಿಟ್ಟರೆ ಊಟ ಕಾಲು ಗಂಟೆ ಮುಂಚೆ ಬಂತು. ಮುದ್ದೆಗೆ ಕಾಳಿನ ಸಾರು ಕೂಡುವುದು ರುಚಿಗೆ ಮಾತ್ರವಲ್ಲ. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಧಾರಾಳ. ಕಾಳಿನಲ್ಲಿ ಕೊರತೆಯಾಗುವ ಮೆಥಿಯೊನಿನ್ ರಾಗಿಯಲ್ಲಿದೆ.

ಆಲೂಗೆಡ್ಡೆ ಮನೆಯಲ್ಲೇ ಬಿದ್ದಿರುವಾಗ ದಿನವೂ ಅದರದೇ ಸಾರು ಮಾಡುವುದು ಸುಲಭ. ಮಾಡಿ, ಆದರೆ ಕಾಳಿನ ಬದಲಿಗೆ ಅಲ್ಲ, ಕಾಳಿನ ಜೊತೆಗೆ. ನೂರು ಗ್ರಾಂ ಹುರುಳಿಯಲ್ಲಿ ಪ್ರೋಟೀನು ಸುಮಾರು 22 ಗ್ರಾಂ, ಆಲೂಗೆಡ್ಡೆಯಲ್ಲಿ 2 ಗ್ರಾಂ ಅಷ್ಟೆ. ಬಿಸಿಲಿಗೆ ಹಸಿರಾದ ಗೆಡ್ಡೆಯಲ್ಲಿ ಸೊಲನಿನ್ ಎಂಬ ವಿಷವಿರುತ್ತದೆ, ಬೇಯಿಸಿದರೂ ಹೋಗದು. ಅದನ್ನು ಬಿಸಾಡಿ.

ಅಂಗಮಾರಿಗೆ ಔಷಧಿ ಹೊಡೆದ ಆಲೂಗೆಡ್ಡೆ ತಾಕಿನ ಬದುವಿನಿಂದ ಅಣ್ಣೆ ಸೊಪ್ಪು, ಹೊನಗೊನ್ನೆ ಸೊಪ್ಪು ಕೀಳಬೇಡಿ. ಹೊಗೆಸೊಪ್ಪು ಮುರಿದು ಬಂದವರು ಸಾಬೂನಿನಿಂದ ಕೈ ತೊಳೆಯದೆ ಅಡುಗೆ ಮುಟ್ಟಬಾರದು. ನಿಕೋಟಿನ್ ಅಂಟು ಬರಿ ನೀರಿಗೆ ಪೂರ್ತಿ ಬಿಡದು.

ಇನ್ನು ನನ್ನ ಕಸುಬಿನ ಮಾತು. ಅಂಗಡಿಯಿಂದ ತರುವ ಕಾಳು ದುಬಾರಿಯಾದಾಗ ಮನೆಯಲ್ಲಿ ಕಾಳು ಬೇಯುವುದು ನಿಲ್ಲುತ್ತದೆ. ಮುಂಗಾರಿಗೆ ಮುಂಚಿನ ಮಳೆಗೆ ಅಲಸಂದೆ ಅಥವಾ ಹೆಸರು ಬಿತ್ತಿದರೆ ರಾಗಿಗೆ ಮೊದಲೇ ಕಾಳು ಮನೆಗೆ ಬರುತ್ತದೆ. ರಾಗಿಯಲ್ಲಿ 8 ಸಾಲಿಗೆ 1 ಸಾಲು ಅವರೆ ಇರಲಿ. ಅಕ್ಕಡಿ ಸಾಲು ಬಿಟ್ಟ ಹೊಲ ಅಡುಗೆಮನೆಯ ಮಟ್ಟಿಗೆ ಅರ್ಧ ಹೊಲವೆಂದೇ ನನ್ನ ಎಣಿಕೆ. ನಾಟಿ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡದು. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಹೇಮಾವತಿ ನಾಲೆಯ ನೀರೋ ಕೊಳವೆ ಬಾವಿಯೋ ಇರುವವರು ಹೆಬ್ಬಾಳ ಅವರೆ-3 ಅಥವಾ 4 ಹಾಕಿದರೆ ಕಾಲದ ಕಟ್ಟಿಲ್ಲದೆ ಕಾಯಿ ಸಿಗುತ್ತದೆ. ಬಚ್ಚಲ ನೀರು ಹರಿಯುವ ಕಡೆ, ತೆಂಗಿನ ಬುಡದ ಬಳಿ, ಹದಿನೈದು ದಿನಕ್ಕೊಮ್ಮೆ ಒಂದು ಮಡಿ ದಂಟು ಚೆಲ್ಲಿ. ತಿಂಗಳೊಳಗೆ ಕೀಳಬಹುದು. ಹಿತ್ತಲಲ್ಲೊಂದು ನುಗ್ಗೆ ಮರವಿದ್ದರೆ ಸೊಪ್ಪಿಗೆ ಸಂತೆ ಕಾಯಬೇಕಾಗಿಲ್ಲ.

ಒಣಗಿಸಿದ ಕಾಳಿಗೆ ಕೆಜಿಗೆ 5 ಮಿಲಿ ಅಡುಗೆ ಎಣ್ಣೆ ಸವರಿ ಬಿಗಿಯಾಗಿ ಮುಚ್ಚಿಡಿ, ಹುಳು ಹತ್ತುವುದು ತಗ್ಗುತ್ತದೆ. ಬೇಯಿಸುವ ಮುನ್ನ ಬಿಸಿನೀರಿನಲ್ಲಿ ತೊಳೆದರಾಯಿತು. ನಿಮ್ಮ ಪ್ರಶ್ನೆಗಳನ್ನು ಈಗ ಕೇಳಬಹುದು.